ಈಜು ಬಾರದವನು ಕಡಲಿಗೆ ಇಳಿದದ್ದು

ಗೋವಾದ ಮಿರಾಮಾರ್ ಕಡಲತೀರದಲ್ಲಿ 2019ರಲ್ಲಿ ಮೊದಲ ಬಾರಿಗೆ ನಡೆದ ಐರನ್‌ಮ್ಯಾನ್ 70.3 ಟ್ರಯಥ್ಲಾನ್‌ಗೆ ಕೆಲವು ವರ್ಷಗಳ ಬಳಿಕ ನಾನು ಹೆಸರು ನೋಂದಾಯಿಸಿದಾಗ ನನಗೆ 41 ವರ್ಷ, ಈಜು ಬರುತ್ತಿರಲಿಲ್ಲ. ಅರಬ್ಬಿ ಸಮುದ್ರದಲ್ಲಿ 1.9 ಕಿಲೋಮೀಟರ್ ಈಜು, ಅದಾದ ಕೂಡಲೇ 90 ಕಿಲೋಮೀಟರ್ ಸೈಕಲ್, ಕೊನೆಗೆ 21.1 ಕಿಲೋಮೀಟರ್ ಓಟ. ಹೆಸರಿನಲ್ಲಿರುವ 70.3 ಎಂಬುದು ಈ ಮೂರೂ ಸೇರಿದ ದೂರ, ಮೈಲಿಗಳಲ್ಲಿ. ಎಲ್ಲವನ್ನೂ ಎಂಟೂವರೆ ಗಂಟೆಯೊಳಗೆ ಮುಗಿಸಬೇಕು, ಅದರಲ್ಲಿ ಈಜಿಗೆ ಸಿಗುವುದು 70 ನಿಮಿಷ ಮಾತ್ರ.

ಶುಲ್ಕ ಕಟ್ಟಿದ್ದು ಸುಲಭದ ಕೆಲಸ. ನಿಜವಾದ ತೀರ್ಮಾನವಾದದ್ದು ಆ ರಾತ್ರಿ, ಅಡುಗೆಮನೆಯ ಕ್ಯಾಲೆಂಡರನ್ನು ಗೋಡೆಯಿಂದ ತೆಗೆದು ಹೆಂಡತಿಯೊಡನೆ ಕುಳಿತಾಗ. ಇಪ್ಪತ್ತನಾಲ್ಕು ವಾರ, ವಾರಕ್ಕೆ ಎಂಟರಿಂದ ಹತ್ತು ಗಂಟೆ ಎಂದು ಲೆಕ್ಕ ಹಾಕಿ ತೋರಿಸಿದೆ. "ರೀ, ಭಾನುವಾರ ಬೆಳಿಗ್ಗೆ ನಿಮಗೇ ಇರಲಿ, ಶನಿವಾರ ಮಾತ್ರ ಮನೆಯದು" ಎಂದಳು. ಆ ಒಪ್ಪಂದವನ್ನು ನಾನು ಒಮ್ಮೆಯೂ ಮುರಿಯಲಿಲ್ಲ. ಹೊಸಬರು ಸೈಕಲ್ ಕೊಳ್ಳುವ ಮೊದಲು ಮನೆಯವರೊಡನೆ ಈ ಮಾತನ್ನು ಆಡಿ ಮುಗಿಸಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಸರಸ್ವತಿಪುರಂನಲ್ಲಿರುವ ಮೈಸೂರು ವಿಶ್ವವಿದ್ಯಾನಿಲಯದ ಈಜುಕೊಳದಲ್ಲಿ ಮೊದಲ ಎರಡು ವಾರ ನನ್ನಿಂದ 20 ಮೀಟರ್ ದಾಟಲಾಗಲಿಲ್ಲ. ಉಸಿರು ಸಾಲುತ್ತಿಲ್ಲವೆಂದು ಭಾವಿಸಿ ತಲೆ ಎತ್ತಿದಾಗಲೆಲ್ಲ ಇನ್ನಷ್ಟು ಗಾಳಿ ಎಳೆದುಕೊಳ್ಳುತ್ತಿದ್ದೆ, ಆಗ ಕಾಲು ಕೆಳಗಿಳಿದು ಮೈಯೆಲ್ಲ ಮುಳುಗುತ್ತಿತ್ತು. ಅಲ್ಲಿನ ತರಬೇತುದಾರರು ಈಜು ನಿಲ್ಲಿಸಿ, ಕೊಳದ ಅಂಚು ಹಿಡಿದು ಮುಖವನ್ನು ನೀರಿನೊಳಗಿಟ್ಟು ಮೂಗಿನಿಂದ ನಿಧಾನವಾಗಿ ಗುಳ್ಳೆ ಬಿಡುವುದನ್ನಷ್ಟೇ ಮಾಡಿಸಿದರು. ನನಗೆ ಕೊರತೆಯಾಗಿದ್ದದ್ದು ಒಳಗೆ ಬರುವ ಗಾಳಿಯಲ್ಲ. ಹೊರಗೆ ಬಿಡದ ಉಸಿರಿನಿಂದ ಇಂಗಾಲದ ಡೈಆಕ್ಸೈಡ್ ಮೈಯೊಳಗೆ ಸೇರಿಕೊಂಡು ಆ ಉಸಿರುಗಟ್ಟುವ ಭಾವನೆ ಹುಟ್ಟುತ್ತಿತ್ತು. ನೀರಿನೊಳಗೆ ಉಸಿರನ್ನು ಪೂರ್ತಿ ಬಿಟ್ಟು, ತಲೆ ಎತ್ತದೆ ಬರೀ ಪಕ್ಕಕ್ಕೆ ಹೊರಳಿಸುವುದು ರೂಢಿಯಾದ ಬೆಳಿಗ್ಗೆ, 50 ಮೀಟರ್ ಉದ್ದದ ಆ ಕೊಳವನ್ನು ನಿಲ್ಲದೆ ದಾಟಿದೆ. ಐದನೆಯ ತಿಂಗಳಿಗೆ ಅದೇ ಕೊಳದಲ್ಲಿ 20 ಸಲ ಹೋಗಿಬಂದು 2 ಕಿಲೋಮೀಟರ್ ಪೂರೈಸಿದೆ.

ಓಟ ನನಗೆ ಹೊಸದಲ್ಲವೆಂಬ ಧೈರ್ಯವೇ ತೊಂದರೆ ತಂದಿತು. ಎಂಟನೆಯ ವಾರ ಕುಕ್ಕರಹಳ್ಳಿ ಕೆರೆಯ ಸುತ್ತುಗಳನ್ನು ಒಮ್ಮೆಲೇ ಇಮ್ಮಡಿ ಮಾಡಿದ್ದರಿಂದ ಮೊಣಕಾಲ ಕೆಳಗೆ ಮುಂಭಾಗದ ಮೂಳೆ ಮುಟ್ಟಿದರೆ ನೋಯುವಂತಾಗಿ, ಎರಡು ವಾರ ಓಟ ನಿಂತಿತು. ಆ ದಿನಗಳನ್ನು ಈಜಿಗೇ ಕೊಟ್ಟೆ, ಅನಂತರ ದೂರವನ್ನು ಸ್ವಲ್ಪಸ್ವಲ್ಪವೇ ಏರಿಸಿದೆ.

ಸೈಕಲ್ಲಿಗೆ ಚಾಮುಂಡಿ ಬೆಟ್ಟದ ಏರು, ನಂಜನಗೂಡಿನ ದಾರಿ ಸಾಕಾಯಿತು. ಆದರೆ ಮೂರು ಗಂಟೆ ತುಳಿದು ಇಳಿದೊಡನೆ ಓಡಲು ಹೋದರೆ ತೊಡೆಗಳು ಮರಗಟ್ಟಿದಂತಿದ್ದು ಕಾಲು ಹೇಳಿದಂತೆ ಕೇಳುವುದಿಲ್ಲವಾದ್ದರಿಂದ, ಭಾನುವಾರಗಳಂದು ಸೈಕಲ್ಲನ್ನು ಗೇಟಿಗೆ ಒರಗಿಸಿ, ಬೂಟು ಬದಲಿಸಿ, ಮನೆಯೊಳಗೆ ಹೋಗದೆಯೇ ಅರ್ಧ ಗಂಟೆ ಓಡುತ್ತಿದ್ದೆ. ಕರಾವಳಿಯ ಸೆಖೆಗೆ ಮೈಸೂರಿನ ತಂಪು ಬೆಳಗಿನ ಅಭ್ಯಾಸ ಸಾಲದೆಂದು ಆ ಓಟವನ್ನು ಬೇಕೆಂದೇ ಹತ್ತು ಗಂಟೆಯ ಬಿಸಿಲಿಗೆ ಇಟ್ಟುಕೊಂಡಿದ್ದೆ. ದಾರಿಯ ಆಹಾರವಾಗಿ ಉಪ್ಪು ಬೆರೆಸಿದ ನಿಂಬೆ ಪಾನಕ, ಖರ್ಜೂರ, ಬಾಳೆಹಣ್ಣು ಹೊಟ್ಟೆಗೆ ಒಗ್ಗಿದವು.

ಮಳೆಗಾಲ ಕಳೆದು ಕಡಲು ಶಾಂತವಾದ ಮೇಲೆ ಸ್ನೇಹಿತರೊಬ್ಬರೊಡನೆ ಮಲ್ಪೆಗೆ ಹೋದೆ. ಕೊಳದ ತಳದಲ್ಲಿ ಕಾಣುತ್ತಿದ್ದ ಕಪ್ಪು ಗೆರೆ ಅಲ್ಲಿಲ್ಲ, ಕೈಬೆರಳೂ ಕಾಣದಷ್ಟು ನೀರು ಕದಡಿತ್ತು. ಆರೇಳು ಸಲ ಕೈ ಬೀಸಿದ ಮೇಲೆ ಒಮ್ಮೆ ಕಣ್ಣು ಮಾತ್ರ ಮೇಲೆತ್ತಿ ದಡದ ತೆಂಗಿನ ಮರವೊಂದನ್ನು ಗುರುತು ಹಿಡಿಯುವುದನ್ನು ಎರಡು ದಿನ ಕಲಿತೆ.

ಸ್ಪರ್ಧೆಯ ಬೆಳಿಗ್ಗೆ ಮಿರಾಮಾರ್‌ನಲ್ಲಿ ಮರದ ಬದಲು ದಾರಿಯ ಗುರುತಿಗೆ ನೀರಿನಲ್ಲಿ ತೇಲಿಬಿಟ್ಟ ಬೋಯ್‌ಗಳಿದ್ದವು. ಮೊದಲನೆಯದರ ಬಳಿ ಯಾರದೋ ಕಾಲು ತಗುಲಿ ಉಪ್ಪುನೀರು ಗಂಟಲಿಗಿಳಿದಾಗ, ಕೊಳದ ಅಂಚಿನಲ್ಲಿ ಕಲಿತಂತೆ ಮುಖವನ್ನು ನೀರಿಗಿಟ್ಟು ಗುಳ್ಳೆ ಬಿಟ್ಟೆ. ಮರಳಿನ ಮೇಲೆ ಕಾಲಿಟ್ಟಾಗ ಗಡಿಯಾರದಲ್ಲಿ 58 ನಿಮಿಷವಾಗಿತ್ತು, ಸೈಕಲ್ ನಿಲ್ಲಿಸಿದ್ದ ಕಡೆಗೆ ಓಡಿದೆ.