ಹಳೆ ಜೀಪಿನ ಢಿಲ್ಲಾ ಸ್ಟೇರಿಂಗ್: ಬಾಕ್ಸಿನ ಸ್ಕ್ರೂ ಕೊನೆಗೆ

ಸ್ಟೇರಿಂಗ್ ಹೊಯ್ದಾಡುತ್ತದೆ ಅಂದಕೂಡಲೆ ಸ್ಟೇರಿಂಗ್ ಬಾಕ್ಸಿನ (ಸ್ಟೇರಿಂಗ್ ತಿರುಗಿದ್ದನ್ನು ಕೆಳಗಿನ ಲಿಂಕುಗಳಿಗೆ ದಾಟಿಸುವ ಗೇರ್ ಡಬ್ಬಿ) ಸ್ಕ್ರೂ ಬಿಗಿ ಮಾಡಿ ಕಳಿಸುವುದು ನಮ್ಮ ಕಡೆಯ ಹಲವು ಗ್ಯಾರೇಜುಗಳ ರೂಢಿ. ಎರಡು ದಿನ ಚಲೋ ಅನಿಸುತ್ತದೆ, ಮೂರನೇ ದಿನ ಮತ್ತೆ ಅದೇ ಪಾಡು, ಜೊತೆಗೆ ಬಾಕ್ಸೂ ಕೆಟ್ಟಿರುತ್ತದೆ. ಹಳೆ ಮಹೀಂದ್ರಾ ಜೀಪಿನಲ್ಲಿ ಗಾಲಿಯಿಂದ ಸ್ಟೇರಿಂಗ್ ತನಕ ಹತ್ತಾರು ಕಡೆ ಸವೆತ ಇರುತ್ತದೆ. ಕೆಳಗಿನ ಲಿಂಕುಗಳಲ್ಲಿ ಒಂದು ಮಿಲಿಮೀಟರ್ ಸಡಿಲವಾದರೆ ಸಾಕು, ಬಾಕ್ಸಿನ ಗೇರ್ ಅನುಪಾತ ದಾಟಿ ಮೇಲೆ ಬರುವಾಗ ಅದು ಸೆಂಟಿಮೀಟರ್ ಮೀರುತ್ತದೆ. ಹಾಗಾಗಿ ಗಾಲಿಯಿಂದ ಶುರುಮಾಡಿ ಮೇಲಕ್ಕೆ ಬರಬೇಕು.

ಮೊದಲು ಪ್ಲೇ, ಅಂದರೆ ಗಾಲಿ ಅಲುಗದೆ ಸ್ಟೇರಿಂಗ್ ಬರಿದೆ ತಿರುಗುವ ಸಡಿಲು, ಎಷ್ಟಿದೆ ಅಳೆಯಿರಿ. ಗಾಲಿ ನೇರ ನಿಲ್ಲಿಸಿ, ಸ್ಟೇರಿಂಗ್ ಅಂಚಿಗೆ ಚಾಕ್‌ನಿಂದ ಗುರುತು ಹಾಕಿ, ಮುಂದಿನ ಗಾಲಿ ಅಲುಗುವ ತನಕ ಎಡಕ್ಕೂ ಬಲಕ್ಕೂ ತಿರುಗಿಸಿ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ಇದು 30 ಡಿಗ್ರಿ ದಾಟುವಂತಿಲ್ಲ, 40 ಸೆಂ.ಮೀ. ವ್ಯಾಸದ ಸ್ಟೇರಿಂಗ್‌ನ ಅಂಚಿನಲ್ಲಿ ಅದು ಸುಮಾರು 10 ಸೆಂ.ಮೀ. ಲಿಂಕುಗಳ ಬಾಲ್ ಜಾಯಿಂಟುಗಳಿಗೆ (ಗುಂಡಿನ ಮೇಲೆ ತಿರುಗುವ ಕೀಲು) ರಬ್ಬರ್ ಟೋಪಿ ಇರಬೇಕೆಂದೂ ಅದೇ ನಿಯಮ ಹೇಳುತ್ತದೆ. 15 ವರ್ಷ ದಾಟಿದ ಗಾಡಿಯ ನೋಂದಣಿ ನವೀಕರಿಸಲು ಆರ್‌ಟಿಒಗೆ ಒಯ್ಯುವವರು ಎರಡನ್ನೂ ನೋಡಿಕೊಳ್ಳಿ. ಆದರೆ 30 ಡಿಗ್ರಿ ಕಾಯ್ದೆಯ ಕೊನೆಯ ಗಡಿ ಅಷ್ಟೇ. ನಮ್ಮ ಗುರಿ 2.5ರಿಂದ 3 ಸೆಂ.ಮೀ. ಇರಲಿ.

ಈಗ ಗಾಡಿ ನೆಲದ ಮೇಲಿರುವಾಗಲೇ, ಇಂಜಿನ್ ಬಂದ್ ಇಟ್ಟು, ಒಬ್ಬರು ಸ್ಟೇರಿಂಗ್ ಅನ್ನು ಸಣ್ಣಗೆ ಅತ್ತಿತ್ತ ಆಡಿಸಲಿ. ಇನ್ನೊಬ್ಬರು ಕೆಳಗೆ ಮಲಗಿ ಒಂದೊಂದೇ ಜಾಯಿಂಟಿನ ಮೇಲೆ ಬೆರಳಿಡಲಿ. ಕಣ್ಣಿಗೆ ಕಾಣದ ಸವೆತ ಬೆರಳಿಗೆ ಟಕ್ ಎಂದು ತಟ್ಟುತ್ತದೆ. ಬಾಕ್ಸನ್ನು ಚಾಸಿಗೆ ಹಿಡಿದ ಬೋಲ್ಟುಗಳನ್ನು ಮರೆಯಬೇಡಿ: ಬಾಕ್ಸೇ ಅಲುಗುತ್ತಿದ್ದರೆ ಅಥವಾ ಅಲ್ಲಿ ಚಾಸಿ ಸೀಳಿದ್ದರೆ ಬೇರೆ ಯಾವ ರಿಪೇರಿಯೂ ನಿಲ್ಲದು.

ಆಮೇಲೆ ಮುಂಭಾಗ ಜ್ಯಾಕ್‌ನಲ್ಲಿ ಎತ್ತಿ, ಆಕ್ಸಲ್ ಕೆಳಗೆ ಸ್ಟ್ಯಾಂಡ್ ಕೊಡಿ. ಗಾಲಿಯನ್ನು ಮೇಲೆ-ಕೆಳಗೆ ಹಿಡಿದು ಅಲುಗಿಸಿ. ಅಲುಗಿದರೆ ಒಬ್ಬರಿಗೆ ಬ್ರೇಕ್ ಒತ್ತಲು ಹೇಳಿ. ಅಲುಗಾಟ ನಿಂತರೆ ಹಬ್ (ಗಾಲಿಯ ನಡುಗುಂಬ) ಬೇರಿಂಗ್ ಸಡಿಲ, ನಿಲ್ಲದಿದ್ದರೆ ಕಿಂಗ್ ಪಿನ್, ಅಂದರೆ ಗಾಲಿ ಎಡಬಲಕ್ಕೆ ತಿರುಗುವ ಕೀಲಿನ ಪಿನ್ನು. ಹಬ್ ಬೇರಿಂಗ್ ಸೆಟ್ ಮಾಡಲು ಗಾಲಿ ತಿರುಗಿಸುತ್ತಲೇ ಒಳಗಿನ ನಟ್ ಬಿಗಿ ಮಾಡಿ; ಗಾಲಿ ಹಿಡಿದಂತಾದಾಗ ಸುಮಾರು ಆರನೇ ಒಂದು ಸುತ್ತು ಹಿಂದೆ ಬಿಟ್ಟು, ಲಾಕ್ ವಾಷರ್ ಮಡಚಿ ಚೆಕ್‌ನಟ್ (ಸಡಿಲಾಗದಂತೆ ಹಿಡಿಯುವ ಎರಡನೇ ನಟ್) ಹಾಕಿ. ಫೋರ್ ವ್ಹೀಲ್ ಜೀಪಿನ ಕಿಂಗ್ ಪಿನ್ ಬೇರಿಂಗಿಗೆ ಶಿಮ್ (ಸಂದು ಹೊಂದಿಸುವ ತೆಳು ತಗಡು) ಇರುತ್ತವೆ. ತೆಗೆಯುವುದಾದರೆ ಮೇಲೂ ಕೆಳಗೂ ಒಂದೇ ದಪ್ಪದ್ದು ತೆಗೆಯಿರಿ, ಇಲ್ಲವಾದರೆ ನಕಲ್ (ಗಾಲಿಯನ್ನು ಹೊತ್ತು ತಿರುಗುವ ಭಾಗ) ಮಧ್ಯ ತಪ್ಪುತ್ತದೆ.

ಗಾಲಿಯನ್ನು ಎಡ-ಬಲ ಹಿಡಿದು ಅಲುಗಿಸಿದಾಗ ಆಡಿದರೆ ಟೈ ರಾಡ್ ಎಂಡ್, ಅಂದರೆ ಎರಡೂ ಮುಂದಿನ ಗಾಲಿಗಳನ್ನು ಜೋಡಿಸುವ ರಾಡಿನ ತುದಿಯ ಬಾಲ್ ಜಾಯಿಂಟ್ ನೋಡಿ. ಬಾಗಲಕೋಟೆ, ವಿಜಯಪುರದ ಎರಿಮಣ್ಣಿನಲ್ಲಿ ಓಡಿದ ಗಾಡಿಗಳಲ್ಲಿ ಮೊದಲು ಹೋಗುವುದು ಇದರ ರಬ್ಬರ್. ಹರಿದ ಮೇಲೆ ಒಳಹೊಕ್ಕ ಕೆಸರು ಒಣಗಿ ಬಾಲನ್ನು ತೇಯುತ್ತದೆ. ಹಳೇ ಎಂಡ್ ಬಿಚ್ಚುವ ಮೊದಲು ರಾಡಿನ ಉದ್ದ ಅಳೆದಿಡಿ. ಒಂದು ತುದಿಯ ಥ್ರೆಡ್ ಉಲ್ಟಾ ಇರುತ್ತದೆ, ಜೋರು ಮಾಡಿ ಕೆಡಿಸಬೇಡಿ. ಕ್ಯಾಸಲ್ ನಟ್‌ನ (ಸ್ಪ್ಲಿಟ್ ಪಿನ್ ಕೂರಲು ತಲೆಯಲ್ಲಿ ಸೀಳಿರುವ ನಟ್) ಸೀಳು ಬೋಲ್ಟಿನ ತೂತಿಗೆ ಸೇರದಿದ್ದರೆ ಮುಂದಿನ ಸೀಳಿಗೆ ಬಿಗಿ ಮಾಡಬೇಕು, ಸಡಿಲಿಸಿ ಹೊಂದಿಸಬಾರದು. ಸ್ಪ್ಲಿಟ್ ಪಿನ್ ಪ್ರತಿಸಲ ಹೊಸದು. ಡ್ರ್ಯಾಗ್ ಲಿಂಕಿನಲ್ಲಿ (ಬಾಕ್ಸಿನಿಂದ ಗಾಲಿಯ ಕಡೆಗೆ ಹೋಗುವ ರಾಡು) ಸ್ಪ್ರಿಂಗ್ ಇರುವ ಹಳೆ ಮಾದರಿಯಾದರೆ ತುದಿಯ ಪ್ಲಗ್ ಪೂರ್ತಿ ಬಿಗಿದು ಅರ್ಧ ಸುತ್ತು ಬಿಟ್ಟು ಪಿನ್ ಹಾಕಿ. ಸವೆದ ಬಾಲಿನ ಮೇಲೆ ವೆಲ್ಡಿಂಗ್ ತುಂಬಿ ಕೊಡುತ್ತೇನೆ ಅನ್ನುವವರಿಗೆ ಕೈ ಮುಗಿದು ಬನ್ನಿ.

ಬೆಲ್ ಕ್ರ್ಯಾಂಕ್ (ಡ್ರ್ಯಾಗ್ ಲಿಂಕಿನ ಎಳೆತದ ದಿಕ್ಕು ಬದಲಿಸಿ ಟೈ ರಾಡಿಗೆ ಕೊಡುವ ಸನ್ನೆ) ಇರುವ ಜೀಪಿನಲ್ಲಿ ಅದರ ಪಿನ್ನು, ಹಾಗೆಯೇ ಪಾಟಾವನ್ನು (ಸ್ಪ್ರಿಂಗ್ ಪಟ್ಟಿ) ಚಾಸಿಗೆ ತೂಗಿಸುವ ಶ್ಯಾಕಲ್ಲಿನ ಬುಶ್ ಯಾರ ಗಮನಕ್ಕೂ ಬರುವುದಿಲ್ಲ. ಶ್ಯಾಕಲ್ ಸವೆದರೆ ಆಕ್ಸಲ್ಲೇ ಅಡ್ಡಡ್ಡ ಸರಿಯುತ್ತದೆ, ಸ್ಟೇರಿಂಗ್ ಕಡೆ ಎಷ್ಟು ಖರ್ಚು ಮಾಡಿದರೂ ಗಾಡಿ ನೇರ ಓಡುವುದಿಲ್ಲ. ಗನ್‌ಮೆಟಲ್ ಬುಶ್ ಬೇಕಾದರೆ ಬೆಳಗಾವಿಯ ಉದ್ಯಮಬಾಗ ಕೈಗಾರಿಕಾ ಪ್ರದೇಶದಲ್ಲಿ ಲೇತಿನ ಮೇಲೆ ಮಾಡಿಸಬಹುದು. ಒತ್ತಿ ಕೂರಿಸಿದ ಮೇಲೆ ಬುಶ್‌ನ ಒಳವ್ಯಾಸ ಕುಗ್ಗುತ್ತದೆ. ಆದ್ದರಿಂದ ಅಂತಿಮ ಅಳತೆ ಕೂರಿಸಿದ ಮೇಲೆಯೇ ರೀಮರಿನಿಂದ (ತೂತನ್ನು ನಯವಾಗಿ ಹಿಗ್ಗಿಸುವ ಉಪಕರಣ) ಆಗಬೇಕು. ಅಳತೆ ಹೊಂದಿಸಲು ಪಿನ್ನನ್ನೂ ಜೊತೆಗೆ ಒಯ್ಯಿರಿ.

ಇಷ್ಟಾದ ಮೇಲೂ ಪ್ಲೇ ಉಳಿದರೆ ಬಾಕ್ಸು. ಡ್ರಾಪ್ ಆರ್ಮ್‌ನಿಂದ (ಬಾಕ್ಸಿನಿಂದ ಹೊರಬಂದ ತೋಳು) ಡ್ರ್ಯಾಗ್ ಲಿಂಕ್ ಬಿಡಿಸಿ, ಸ್ಟೇರಿಂಗನ್ನು ಈ ತುದಿಯಿಂದ ಆ ತುದಿಗೆ ತಿರುಗಿಸಿ ಸುತ್ತು ಎಣಿಸಿ, ಅರ್ಧಕ್ಕೆ ನಿಲ್ಲಿಸಿ, ಅದೇ ನಡುಭಾಗ. ಸ್ಟೇರಿಂಗ್ ಕಾಲಮ್ ಮೇಲೆ-ಕೆಳಗೆ ಆಡುತ್ತಿದ್ದರೆ ಮೊದಲು ಬಾಕ್ಸಿನ ಮೇಲಿನ ಕವರಿನ ಕೆಳಗಿನ ತೆಳು ಶಿಮ್ ಒಂದೊಂದೇ ತೆಗೆದು ಅದನ್ನು ಸರಿಮಾಡಿ. ಆಮೇಲೆ ಸೈಡ್ ಕವರಿನ ಚೆಕ್‌ನಟ್ ಸಡಿಲಿಸಿ, ನಡುಭಾಗ ದಾಟುವಾಗ ಮಾತ್ರ ಸ್ವಲ್ಪ ಹಿಡಿದಂತಾಗುವಷ್ಟು ಸ್ಕ್ರೂ ತಿರುಗಿಸಿ, ಸ್ಕ್ರೂ ಅಲುಗದಂತೆ ಹಿಡಿದು ನಟ್ ಬಿಗಿಯಿರಿ. ಗಾಡಿ ಹೆಚ್ಚು ಹೊತ್ತು ನೇರ ಓಡುವುದರಿಂದ ಬಾಕ್ಸು ನಡುವಿನಲ್ಲೇ ಸವೆದಿರುತ್ತದೆ. ನಡುವಿನ ಪ್ಲೇ ಪೂರ್ತಿ ಹೋಗಲಿ ಅಂತ ಬಿಗಿ ಮಾಡುತ್ತ ಹೋದರೆ ಎರಡೂ ಬದಿಗೆ ಜಾಮ್ ಆಗಿ, ತಿರುವಿನಲ್ಲಿ ಸ್ಟೇರಿಂಗ್ ವಾಪಸ್ ಬರುವುದಿಲ್ಲ. ಹಾಗಾದರೆ ಒಳಗಿನ ಸಾಮಾನು ಬದಲಿಸಬೇಕು, ಬೇರೆ ದಾರಿಯಿಲ್ಲ. ಬಾಕ್ಸಿಗೆ ಗ್ರೀಸ್ ತುಂಬಬೇಡಿ. ಒಮ್ಮೆ ಬದಿಗೆ ಸರಿದ ಗ್ರೀಸ್ ಮರಳಿ ಹಲ್ಲಿಗೆ ಬರುವುದಿಲ್ಲ. ಗೇರ್ ಆಯಿಲೇ ಹಾಕಿ, ಸೋರುತ್ತಿದ್ದರೆ ಸೀಲ್ ಬದಲಿಸಿ.

ಕೊನೆಗೆ ಟೋ-ಇನ್, ಅಂದರೆ ಮುಂದಿನ ಗಾಲಿಗಳು ಮುಂಭಾಗದಲ್ಲಿ ತುಸು ಒಳಕ್ಕೆ ತಿರುಗಿರುವ ಅಳತೆ. ಎರಡೂ ಟೈರಿನಲ್ಲಿ ಗಾಳಿ ಸಮ ಮಾಡಿ, ಮುಂಭಾಗದಲ್ಲಿ ಹಬ್ಬಿನ ಎತ್ತರಕ್ಕೆ ಟೈರುಗಳ ನಡುಗೆರೆಗೆ ಗುರುತು ಹಾಕಿ ಅಂತರ ಅಳೆಯಿರಿ. ಗುರುತು ಹಿಂಭಾಗದಲ್ಲಿ ಅದೇ ಎತ್ತರಕ್ಕೆ ಬರುವ ತನಕ ಗಾಡಿ ತಳ್ಳಿ ಮತ್ತೆ ಅಳೆಯಿರಿ. ಮಹೀಂದ್ರಾದಂಥ, ಅಮೆರಿಕದ ವಿಲ್ಲಿಸ್ ಕಂಪನಿ ಮೂಲದ ಜೀಪುಗಳಲ್ಲಿ ಮುಂದಿನ ಅಳತೆ ಹಿಂದಿನದಕ್ಕಿಂತ 1.2ರಿಂದ 2.4 ಮಿ.ಮೀ. ಕಡಿಮೆ ಇರಬೇಕು. ಕ್ಯಾಸ್ಟರ್ (ಕಿಂಗ್ ಪಿನ್ನಿನ ಮೇಲ್ತುದಿ ಹಿಂದಕ್ಕೆ ವಾಲಿರುವ ಕೋನ) 3 ಡಿಗ್ರಿ. ಪಾಟಾ ಬದಲಿಸಿದ ಗಾಡಿಯಲ್ಲಿ ಅದು ತಪ್ಪಿದ್ದರೆ ಎಲ್ಲ ಹೊಸದಿದ್ದರೂ ವೇಗದಲ್ಲಿ ಮುಂದಿನ ಗಾಲಿ ನಡುಗಬಹುದು.

ಮೊದಲು ಖಾಲಿ ಮೈದಾನದಲ್ಲಿ 20 ಕಿ.ಮೀ. ವೇಗ, ಆಮೇಲೆ 40. ಕಬ್ಬು ನುರಿಸುವ ಹಂಗಾಮಿನಲ್ಲಿ ಜಮಖಂಡಿ, ಮುಧೋಳದ ರಸ್ತೆಗಳು ಇಂಥ ಪರೀಕ್ಷೆಗೆ ತಕ್ಕವಲ್ಲ. ಜೋಡಿ ಟ್ರೇಲರ್ ಎದುರಾದಾಗ ಸರಿಯಲು ಜಾಗ ಸಿಗದು. ತಿರುವು ಮುಗಿದ ಮೇಲೆ ಸ್ಟೇರಿಂಗ್ ತಾನೇ ನೇರಕ್ಕೆ ಬರಬೇಕು. ಬಾರದಿದ್ದರೆ ಬಾಕ್ಸಿನ ಸ್ಕ್ರೂ ಅಥವಾ ಕಿಂಗ್ ಪಿನ್ ಹೆಚ್ಚು ಬಿಗಿಯಾಗಿದೆ. 100 ಕಿ.ಮೀ. ಓಡಿದ ಮೇಲೆ ಹಬ್, ಟೈ ರಾಡಿನ ಕ್ಲ್ಯಾಂಪ್, ಬಾಕ್ಸಿನ ಬೋಲ್ಟುಗಳಿಗೆ ಇನ್ನೊಮ್ಮೆ ಪಾನಾ ಹಚ್ಚಿ ನೋಡಿ.