ಲಕೋಟೆಯ ಮೇಲಿನ 560004

ತಂಗಿಯ ಲಗ್ನಪತ್ರಿಕೆಗಳಿಗೆ ವಿಳಾಸ ಬರೆಯುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಪ್ರತಿ ಲಕೋಟೆಯ ಮೂಲೆಯಲ್ಲೂ ನಮ್ಮ ಬಸವನಗುಡಿಯ ಪಿನ್‌ಕೋಡ್ 560004. ಎಂಬತ್ತು ಲಕೋಟೆ ದಾಟುವ ಹೊತ್ತಿಗೆ ಅದು ವಿಳಾಸವೆಂಬುದೇ ಮರೆತು ಬರಿಯ ಸಂಖ್ಯೆಯಾಗಿ ಕಾಣತೊಡಗಿತು. ಯಾವ ಯಾವ ಅವಿಭಾಜ್ಯ ಸಂಖ್ಯೆಗಳ ಗುಣಲಬ್ಧ ಇದು? ಕ್ಯಾಲ್ಕುಲೇಟರ್ ಮುಟ್ಟದೆ ತಿಳಿಯಬೇಕೆಂದು, ಶಾಯಿ ಚೆಲ್ಲಿ ಹಾಳಾಗಿದ್ದ ಲಕೋಟೆಯೊಂದನ್ನು ಬಿಚ್ಚಿ ಹರಡಿಕೊಂಡೆ.

ಕೊನೆಯಲ್ಲಿ 04 ಇರುವುದರಿಂದ 4ರಿಂದ ಭಾಗವಾಗುತ್ತದೆ: 140001. ಇದರ ಅಂಕಿಗಳ ಮೊತ್ತ 6, ಆದ್ದರಿಂದ 3ರಿಂದಲೂ: 46667. ಅಲ್ಲಿಂದ ಮುಂದೆ ಕಷ್ಟ. 216ರ ವರ್ಗ 46656. ಹಾಗಾಗಿ 46667 ಒಡೆಯುವುದಾದರೆ 216ರೊಳಗಿನ ಅವಿಭಾಜ್ಯವೊಂದು ಅದನ್ನು ಭಾಗಿಸಲೇಬೇಕು. ಅಂಥವು 47 ಇವೆ.

7, 11, 13ಕ್ಕೆ ನಾನು ಬಳಸುವ ಉಪಾಯ ಒಂದಿದೆ. ಈ ಮೂರನ್ನು ಗುಣಿಸಿದರೆ 1001. ಆದ್ದರಿಂದ ಕೊನೆಯ ಮೂರು ಅಂಕಿಯಿಂದ ಮುಂದಿನ ಭಾಗವನ್ನು ಕಳೆದು ನೋಡಿದರೆ ಸಾಕು: 667ರಲ್ಲಿ 46 ಹೋದರೆ 621. ಅದು ಮೂರರಲ್ಲಿ ಯಾವುದರಿಂದಲೂ ಭಾಗವಾಗುವುದಿಲ್ಲ, ಹಾಗಾಗಿ 46667 ಕೂಡ ಆಗುವುದಿಲ್ಲ. ಒಂದೇ ವ್ಯವಕಲನದಲ್ಲಿ ಮೂರು ಭಾಗಾಕಾರ ಉಳಿಯಿತು. ಇಷ್ಟು ಚೆಂದದ ಉಪಾಯವನ್ನು ಶಾಲೆಯಲ್ಲೇ ಕಲಿಸಬೇಕು. 17ಕ್ಕೆ ಶೇಷ 2, 19ಕ್ಕೆ ಶೇಷ 3. 23ರಲ್ಲಿ ಕೈತಪ್ಪಿತು. ಶೇಷ ಬಂತೆಂದು ಗುರುತು ಹಾಕಿಕೊಂಡು 61ರವರೆಗೂ ಭಾಗಿಸುತ್ತ ಹೋದೆ.

ಬೇಸರದಿಂದ ಮತ್ತೆ 46667ನ್ನೇ ನೋಡುತ್ತ ಕುಳಿತಾಗ ಅದು 46000 ಮತ್ತು 667 ಎಂದು ಎರಡು ತುಂಡಾಗಿ ಕಂಡಿತು. 46 ಎಂದರೆ ಎರಡು 23. 667 ಎಂದರೆ 690ಕ್ಕೆ 23 ಕಡಿಮೆ, ಅಂದರೆ 29 ಸಲ 23. ಒಟ್ಟು 23 × 2029!

2029 ಅವಿಭಾಜ್ಯವೇ? ಅದರ ವರ್ಗಮೂಲ 45ರಿಂದ ಸ್ವಲ್ಪ ಮೇಲೆ, ಹಾಗಾಗಿ 43ರವರೆಗೆ ನೋಡಿದರೆ ಸಾಕು. 2029ನ್ನು ಭಾಗಿಸುವುದು 46667ನ್ನೂ ಭಾಗಿಸಬೇಕಲ್ಲವೇ? 61ರವರೆಗಿನ ಆ ಭಾಗಾಕಾರಗಳೆಲ್ಲ ಈಗ ಪುರಾವೆಯಾದವು. 23ನ್ನು ಮಾತ್ರ ಮತ್ತೆ ನೋಡಿದೆ, ಶೇಷ 5. 2029 ಅವಿಭಾಜ್ಯ, ಎರಡೇ ಅಂತರದಲ್ಲಿರುವ ಅವಿಭಾಜ್ಯ 2027ರ ಅವಳಿ ಕೂಡ. ಅಲ್ಲಿಗೆ 560004 = 2² × 3 × 23 × 2029. ಭಾಜಕಗಳು 24.

4ರಿಂದ ಭಾಗಿಸಿದಾಗ ಶೇಷ 1 ಉಳಿಯುವ ಅವಿಭಾಜ್ಯಗಳೆಲ್ಲ ಎರಡು ವರ್ಗಗಳ ಮೊತ್ತ ಎಂದು ಗಣಿತಜ್ಞ ಫರ್ಮಾ ಹೇಳಿದ್ದ, ಮುಂದೆ ಇನ್ನೊಬ್ಬ ಗಣಿತಜ್ಞ ಆಯ್ಲರ್ ಸಾಧಿಸಿ ತೋರಿಸಿದ. 2029 ಅಂಥದ್ದೇ: 45² + 2². ಆದರೆ ಇಡೀ 560004ಕ್ಕೆ ಆ ಭಾಗ್ಯವಿಲ್ಲ. 3 ಮತ್ತು 23ನ್ನು 4ರಿಂದ ಭಾಗಿಸಿದರೆ ಶೇಷ 3 ಉಳಿಯುತ್ತದೆ, ಎರಡೂ ಒಂದೊಂದೇ ಸಲ ಬಂದಿವೆ. ಜೋಡಿಯಾಗಿ ಬಂದಿದ್ದರೆ ಅಡ್ಡಿಯಿರಲಿಲ್ಲ. ಮೂರು ವರ್ಗಗಳಿಗೆ ಅಂಥ ತಡೆ ಇಲ್ಲವೆಂದು ಗೊತ್ತಿತ್ತು. ಹುಡುಕಿದೆ, ಒಂದಲ್ಲ, ಎರಡು ಸಿಕ್ಕಿದವು. ಲಕೋಟೆಯ ಅಂಚಿನಲ್ಲಿ ಉಳಿದಿದ್ದ ಜಾಗದಲ್ಲಿ ಬರೆದಿಟ್ಟೆ: 748² + 20² + 10², ಮತ್ತು 748² + 22² + 4².