ಪ್ರಶ್ನೆಯ ಕೆಳಗೇ ಉತ್ತರ: ಬಿಲ್ ಕಡಿತ ನಿಲ್ಲಿಸಿದ ನನ್ನ ಪದ್ಧತಿ

"ಕ್ಲೈಂಟಿನ ಮೇಲ್ ಕತ್ತರಿಸಿ ತುಂಡುತುಂಡಿಗೆ ಉತ್ತರ ಬರೆದರೆ ವಕೀಲರ ನೋಟಿಸ್ ಥರ ಕಾಣುತ್ತೆ ಕಣಯ್ಯ, ಸಿಟ್ಟಾಗ್ತಾರೆ" ಅಂತ ಡಿಸೈನ್ ಕೆಲಸದ ಗೆಳೆಯರೆಲ್ಲ ಹೇಳಿದ್ದರು. ಈಗ ಅವರಲ್ಲೇ ಇಬ್ಬರು ಇದೇ ದಾರಿಗೆ ಬಂದಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ದುಡ್ಡಿನ ಮಾತು. ನಾನು ಮೇಲ್‌ನಲ್ಲಿ ಮೂರು ಪ್ರಶ್ನೆ ಕೇಳಿದರೆ ಕ್ಲೈಂಟಿನ ಉತ್ತರದಲ್ಲಿ ಮೇಲುಗಡೆ "ಓಕೆ, ಮುಂದುವರಿಸಿ" ಅಂತ ಒಂದೇ ಸಾಲು. ಕೆಳಗೆ ಹಳೆಯ ಮೇಲ್‌ಗಳ ಹನುಮಂತನ ಬಾಲ. ಯಾವುದಕ್ಕೆ ಓಕೆ? ಒಂದು ಕ್ಯಾಟಲಾಗ್ ಹೀಗೇ ಪ್ರಿಂಟಿಗೆ ಹೋಗಿ, ಬಿಲ್‌ನಲ್ಲಿ ಮೂರನೇ ಒಂದು ಭಾಗ ಮುರಿದುಕೊಂಡರು. ಆ ವರ್ಷ ಇಂಥ ಕಡಿತವೆಲ್ಲ ಸೇರಿ ಒಂದೂವರೆ ತಿಂಗಳ ಸಂಪಾದನೆಯಾದರೂ ಹೋಗಿರಬೇಕು.

ಪ್ರಶ್ನೆಗಳಿಗೆ ನಂಬರ್ ಹಾಕಿದೆ. "ಎರಡನೆಯದು ಬೇಡ" ಅಂದರು. ಯಾವ ಮೇಲಿನ ಎರಡನೆಯದು? ಕೆಂಪಕ್ಷರದಲ್ಲಿ ಉತ್ತರಿಸಿದೆ. ಮೇಲ್ ಬರೀ ಅಕ್ಷರಗಳ ಪ್ಲೇನ್ ಟೆಕ್ಸ್ಟ್ ಆದೊಡನೆ ಬಣ್ಣ ಮಾಯ, ಯಾರು ಹೇಳಿದ್ದು ಯಾವುದು ಅಂತಲೇ ತಿಳಿಯಲಿಲ್ಲ. ಪ್ರಶ್ನೆಗೊಂದು ಮೇಲ್ ಕಳಿಸಿದರೆ ಕೊನೆಯದಕ್ಕೆ ಮಾತ್ರ ಉತ್ತರ ಬಂತು.

ಕೊನೆಗೆ ಗಟ್ಟಿಯಾದದ್ದು ಹಳೇ ಪದ್ಧತಿಯೇ. ಸಂದರ್ಭ ತಿಳಿಯುವಷ್ಟು ಮಾತ್ರ ಮೂಲದಿಂದ ಉಳಿಸಿ ಅಂತ ಇಂಟರ್ನೆಟ್ ಶಿಷ್ಟಾಚಾರದ 1995ರ ಮಾರ್ಗಸೂಚಿ ಆರ್‌ಎಫ್‌ಸಿ 1855ರಲ್ಲೇ ಇದೆ. ಅವರ ಮಾತು ಮೇಲೆ, ನನ್ನ ಉತ್ತರ ಅದರ ಕೆಳಗೇ. ನಾನು ಬರೆಯುವುದು ಹೀಗೆ:

> ಲೋಗೋ ಇನ್ನೂ ದೊಡ್ಡದು ಮಾಡಿ

ಮಾಡಬಹುದು ಸರ್, ಆದರೆ ವಿಳಾಸ ಎರಡು ಸಾಲಾಗುತ್ತದೆ. ಪರವಾಗಿಲ್ಲವೇ?

> ಬೆಲೆಪಟ್ಟಿ ಹಳೆಯದೇ ಇರಲಿ, ಹೊಸದು ಬರದಿದ್ದರೆ

ಶುಕ್ರವಾರದವರೆಗೆ ಕಾಯುತ್ತೇನೆ.

ಆ "ಹೊಸದು ಬರದಿದ್ದರೆ" ಕತ್ತರಿಸಿದ್ದರೆ ಅವರು ಹೇಳದ್ದನ್ನು ಹೇಳಿಸಿದ ಹಾಗಾಗುತ್ತಿತ್ತು. ಎಷ್ಟು ಸಾಲು ಬೇಕಾದರೂ ತೆಗೆಯಿರಿ, ಷರತ್ತಿಗೆ ಕೈ ಹಚ್ಚಬೇಡಿ. ಅವರ ಕಾಗುಣಿತ ತಿದ್ದುವುದೂ ಅಧಿಕಪ್ರಸಂಗವೇ. ಸಹಿ, ಹಾರೈಕೆ, ಆಫೀಸಿನ ಮಾರುದ್ದದ ಡಿಸ್‌ಕ್ಲೈಮರ್ ಮಾತ್ರ ಮೊದಲು ಹೋಗಬೇಕು.

ಥಂಡರ್‌ಬರ್ಡ್ ಅನ್ನುವ ಇಮೇಲ್ ಆ್ಯಪ್‌ನಲ್ಲಿ ಬೇಕಾದ ವಾಕ್ಯ ಸೆಲೆಕ್ಟ್ ಮಾಡಿ ರಿಪ್ಲೈ ಒತ್ತಿದರೆ ಅಷ್ಟೇ ಕೋಟ್ ಆಗುತ್ತದೆ, ಕತ್ತರಿಸುವ ಗೋಜಿಲ್ಲ. ಟೆಲಿಗ್ರಾಂನಲ್ಲೂ 2023ರಿಂದ ಮೆಸೇಜಿನ ಒಂದು ತುಂಡನ್ನಷ್ಟೇ ಕೋಟ್ ಮಾಡಬಹುದು. ಅಲ್ಲೂ ಸ್ವಲ್ಪ ದಿನ ನಡೆಸಿ ನೋಡಿದೆ: ಸಣ್ಣಪುಟ್ಟ ತಿದ್ದುಪಡಿಗೆ ಅಡ್ಡಿಯಿಲ್ಲ, ಆರು ತಿಂಗಳಾದ ಮೇಲೆ ಹುಡುಕಲು ಹೋದರೆ ತಲೆನೋವು.

ಸಿಟ್ಟಿನ ಮೇಲ್‌ಗೆ ಮಾತ್ರ ಇದು ಬೇಡವೇ ಬೇಡ. ಸಾಲುಸಾಲಿಗೂ ಉತ್ತರ ಕೊಟ್ಟರೆ ಜಗಳ ಬೆಳೆಯುತ್ತದೆ. ಅಲ್ಲಿ ಒಂದೇ ವಾಕ್ಯ ಕೋಟ್ ಮಾಡುತ್ತೇನೆ. ಯಾವುದನ್ನು ಆರಿಸಬೇಕೆಂಬ ಗುಟ್ಟು ನನ್ನಲ್ಲೇ ಇರಲಿ.

ಹೊಸ ಕ್ಲೈಂಟ್ ಆದರೆ ಮೇಲ್ಗಡೆ "ನಿಮ್ಮ ಮಾತುಗಳ ಕೆಳಗೇ ಉತ್ತರಿಸಿದ್ದೇನೆ" ಅಂತ ಒಂದು ಸಾಲು ಹಾಕಿ. ಇಲ್ಲದಿದ್ದರೆ ತಮ್ಮದೇ ಮೇಲ್ ವಾಪಸ್ ಬಂದಿದೆ ಅಂದುಕೊಳ್ಳುವವರಿದ್ದಾರೆ. ಹತ್ತರಲ್ಲಿ ಏಳೆಂಟು ಜನ ಮುಂದಿನ ಸಲ ತಾವೂ ಕೆಳಗೇ ಬರೆಯುತ್ತಾರೆ. ಕಳೆದ ವರ್ಷ ಬಿಲ್ ಕಡಿತವಾದದ್ದು ಒಂದೋ ಎರಡೋ ಸಲ, ಅದೂ ಫೋನಿನಲ್ಲೇ ಮಾತಾಡಿ ಒಪ್ಪಿಕೊಂಡ ಕೆಲಸಗಳಲ್ಲಿ.